ಮೂರು ವರ್ಷ ಹಳೆಯ ಇಯರ್‌ಬಡ್ಸ್: ಹಾಡಿನ ತಕರಾರಿಲ್ಲ, ಡಬ್ಬಿಯದೇ ತಕರಾರು

ಬಲದ್ದು 100, ಎಡದ್ದು 37. ರಾತ್ರಿಯಿಡೀ ಡಬ್ಬಿಯೊಳಗೇ ಮಲಗಿದ್ದ ಜೋಡಿ ಬೆಳಿಗ್ಗೆ ಒಪ್ಪಿಸುವ ಚಾರ್ಜಿನ ಶೇಕಡ ಲೆಕ್ಕ ಇದು. ಬಾಸ್ ಎಷ್ಟಿದೆ, ಹೊರಗಿನ ಗದ್ದಲ ಎಷ್ಟು ಅಡಗುತ್ತದೆ, ಯಾವ ಬ್ಲೂಟೂತ್ ಎಂಬುದನ್ನೆಲ್ಲ ಕೊಂಡ ವಾರದಲ್ಲೇ ಬರೆದವರು ಬೇಕಾದಷ್ಟು ಮಂದಿ ಇದ್ದಾರೆ, ಅದನ್ನು ಬಿಟ್ಟುಬಿಡೋಣ. ಮೂರು ವರ್ಷದ ಬಳಕೆ ಕಲಿಸಿದ್ದು ಬೇರೆ: ಈ ಸಾಧನಕ್ಕೆ ಮುಪ್ಪು ಬರುವುದು ಡಬ್ಬಿಯಲ್ಲಿಟ್ಟಾಗ.

ಕಂಪನಿಯ ಹೆಸರು ಬೇಡ. ಮಧ್ಯಮ ಬೆಲೆಯ, ಸಿಲಿಕೋನ್ ಟಿಪ್ ಇರುವ, ಗದ್ದಲ ತಡೆಯುವ ಸಾಮಾನ್ಯ ಜೋಡಿ. ಇದೇ ರಚನೆಯ ಯಾವುದನ್ನು ಕೊಂಡರೂ ಇಂದಲ್ಲ ನಾಳೆ ಇದೇ ಕಾಯಿಲೆ. ಬಳಕೆ ದಿನಕ್ಕೆ ಎರಡು ತಾಸು ಕರೆ, ಅದೂ ಹೆಚ್ಚಾಗಿ ಎಡಗಿವಿಯೊಂದರಲ್ಲೇ. ಅದರ ಮೇಲೆ ಒಂದು ತಾಸು ನಡಿಗೆ, ಮಲಗುವ ಮುಂಚೆ ಅರ್ಧ ತಾಸು. ಈ ಲೆಕ್ಕ ಮುಂದೆ ಬೇಕಾಗುತ್ತದೆ.

ಮೊದಲು ಕಾಯಿಲೆಯ ಲಕ್ಷಣ. ಫೋನ್ ರಿಂಗಾಗುತ್ತದೆ, ಎತ್ತಿದರೆ ಆ ಕಡೆಯ ದನಿಯೇ ಇಲ್ಲ. ಹಲೋ ಹಲೋ ಅಂದು ಅಂದು ಕತ್ತರಿಸಿಬಿಡಬೇಕು ಅನ್ನುವಾಗ ಗೊತ್ತಾಗುತ್ತದೆ, ಪಾಪ, ಅವರು ಮುಚ್ಚಿದ ಡಬ್ಬಿಯೊಳಗೆ ಮಾತಾಡುತ್ತಿದ್ದಾರೆ. ಡಬ್ಬಿಯ ಗುಣಿಯಲ್ಲಿ ಸ್ಪ್ರಿಂಗ್ ಮೇಲೆ ಕೂತ ಎರಡೋ ಮೂರೋ ಪಿನ್ ಇರುತ್ತವೆ, ಇಯರ್‌ಬಡ್ಡಿನ ಅಡಿಯಲ್ಲಿ ಅವಕ್ಕೆ ಎದುರಾಗಿ ಚಿನ್ನದ ಬಣ್ಣದ ಚುಕ್ಕಿಗಳು. ಇವೆರಡೂ ಮುಟ್ಟಿದಾಗಲೇ ಬಡ್ಡಿಗೆ ‘ನಾನು ಮನೆಗೆ ಬಂದೆ’ ಎಂದು ತಿಳಿಯುವುದು. ಮುಟ್ಟದಿದ್ದರೆ ಹೊರಗೇ ಇದ್ದೇನೆ ಎಂದುಕೊಂಡು ಎಚ್ಚರವಾಗಿರುತ್ತದೆ, ಫೋನಿಗೆ ಜೋಡಿಸಿಕೊಳ್ಳುತ್ತದೆ, ಇದ್ದ ಚಾರ್ಜನ್ನು ತಿಂದು ಮುಗಿಸುತ್ತದೆ. ಅರೆಬರೆ ಮುಟ್ಟಿದರೆ ಇನ್ನೂ ಕೆಟ್ಟದು. ಚಾರ್ಜ್ ಆಗುತ್ತದೆ, ನಿಲ್ಲುತ್ತದೆ, ಮತ್ತೆ ಆಗುತ್ತದೆ. ಬಡ್ಡಿನ ಜತೆಗೆ ಡಬ್ಬಿಯ ಬ್ಯಾಟರಿಯೂ ಸುಮ್ಮಸುಮ್ಮನೆ ಕರಗುತ್ತದೆ. ಐದು ದಿನ ಬರುತ್ತಿದ್ದ ಡಬ್ಬಿ ಎರಡೇ ದಿನಕ್ಕೆ ಕೆಂಪು ದೀಪ ತೋರಿಸಿದರೆ ಡಬ್ಬಿಯ ಬ್ಯಾಟರಿ ಸತ್ತಿತೆಂದು ತೀರ್ಮಾನಿಸುವ ಮೊದಲು ಈ ಚುಕ್ಕಿಗಳನ್ನು ಬೆಳಕಿಗೆ ಹಿಡಿದು ನೋಡಬೇಕು.

ನೋಡಿದರೆ ಸಾಮಾನ್ಯವಾಗಿ ಒಂದು ಚುಕ್ಕಿ ಹೊಳೆಯುತ್ತದೆ, ಪಕ್ಕದ್ದು ಮಂಕಾಗಿ ಕಂದು ಅಥವಾ ಹಸಿರು ಬಣ್ಣಕ್ಕೆ ತಿರುಗಿರುತ್ತದೆ. ಬೆವರಿನಲ್ಲಿ ಉಪ್ಪಿದೆ. ಬೆವರಿದ ಕಿವಿಯಿಂದ ತೆಗೆದು ಹಾಗೆಯೇ ಡಬ್ಬಿಗೆ ಹಾಕಿದರೆ ಎರಡು ಚುಕ್ಕಿಗಳ ನಡುವೆ ಉಪ್ಪುನೀರಿನ ಪೊರೆ, ಅದರ ಮೇಲೆ ಚಾರ್ಜ್ ಆಗುವ ವೋಲ್ಟೇಜ್. ಶಾಲೆಯ ಪ್ರಯೋಗಾಲಯದಲ್ಲಿ ಉಪ್ಪುನೀರಿಗೆ ಎರಡು ತಂತಿ ಇಳಿಬಿಟ್ಟ ಹಾಗೇ ಆಯಿತು. ಧನ ತುದಿಯ ಲೋಹ ಮೊದಲು ಸವೆಯುತ್ತದೆ. ಚಿನ್ನದ ಲೇಪನವೋ ಹೆಸರಿಗಷ್ಟೇ, ಅದು ತೂತು ಬಿದ್ದರೆ ಅಡಿಯ ತಾಮ್ರ ಕಿಲುಬು ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ‘ಐಪಿಎಕ್ಸ್4’ ಎಂದು ಬರೆದಿರುವುದು ಈ ವಿಷಯದಲ್ಲಿ ಏನೂ ನೆರವಾಗದು. ಯಾವ ದಿಕ್ಕಿನಿಂದ ನೀರು ಸಿಡಿದರೂ ಒಳಗೆ ಹೋಗಿ ಕೆಡಿಸುವುದಿಲ್ಲ ಎಂದಷ್ಟೇ ಅದರ ಅರ್ಥ. ಬಹುತೇಕ ಮಾದರಿಗಳಲ್ಲಿ ಆ ಭರವಸೆ ಬಡ್ಡಿಗೆ ಮಾತ್ರ, ಡಬ್ಬಿಗೆ ಇಲ್ಲ.

ಕೊಳೆಯೋ ಎತ್ತರದ ತೊಂದರೆಯೋ ಎಂದು ಮೊದಲು ಬೇರ್ಪಡಿಸಿಕೊಳ್ಳಿ. ಮುಚ್ಚಳ ತೆರೆದು, ಬಡ್ಡನ್ನು ಗುಣಿಯಲ್ಲಿಟ್ಟು ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿಯಿರಿ. ಒತ್ತಿದಾಗ ದೀಪ ಹತ್ತಿ, ಬಿಟ್ಟರೆ ಆರಿದರೆ ಬಡ್ ಪೂರ್ತಿ ಕೆಳಗೆ ಕೂರುತ್ತಿಲ್ಲ. ಅಪರಾಧಿ ಬಹಳ ಸಲ ಟಿಪ್. ಬೇರೆ ಕಂಪನಿಯ ದಪ್ಪ ಸಿಲಿಕೋನ್ ಟಿಪ್ ಹಾಕಿದ್ದರೆ, ಅದರಲ್ಲೂ ಹಿಸುಕಿದರೆ ಮತ್ತೆ ಉಬ್ಬುವ ಫೋಮ್ ಟಿಪ್ ಆಗಿದ್ದರೆ, ಅದು ಗುಣಿಯ ಅಂಚಿಗೆ ತಾಗಿ ಬಡ್ಡನ್ನು ಕೂದಲೆಳೆಯಷ್ಟು ಎತ್ತುತ್ತದೆ. ಅಷ್ಟೇ ಸಾಕು. ಒತ್ತಿದರೂ ದೀಪ ಹತ್ತದಿದ್ದರೆ ಕೊಳೆ.

ಕೊಳೆ ತೆಗೆಯಲು ಬೇಕಾದ್ದು ಮೂರೇ ಸಾಮಾನು: ಹತ್ತಿ ಸುತ್ತಿದ ಕಡ್ಡಿ (ಅದಕ್ಕೂ ಜನ ಬಡ್ಸ್ ಅಂತಲೇ ಅನ್ನುವುದು, ಅಂಗಡಿಯಲ್ಲಿ ಕೇಳುವಾಗ ಜೋಪಾನ), ಶೇಕಡ 90ಕ್ಕಿಂತ ಹೆಚ್ಚು ಶುದ್ಧವಾದ ಐಸೊಪ್ರೊಪೈಲ್ ಆಲ್ಕೊಹಾಲ್, ಒಂದು ಮರದ ಹಲ್ಲುಕಡ್ಡಿ. ಕೈ ತೊಳೆಯುವ ಸ್ಯಾನಿಟೈಸರ್ ಬೇಡವೇ ಬೇಡ. ಅದರಲ್ಲಿರುವ ಗ್ಲಿಸರಿನ್‌ನಂಥ ಅಂಟು ಆರದೆ ಉಳಿದು ಇನ್ನಷ್ಟು ಧೂಳು ಹಿಡಿಯುತ್ತದೆ. ಹತ್ತಿಯನ್ನು ಅದ್ದಿ, ಹಿಂಡಿ, ಹನಿ ತೊಟ್ಟಿಕ್ಕದಂತೆ ಮಾಡಿಕೊಂಡು ಬಡ್ಡಿನ ಚುಕ್ಕಿಗಳ ಮೇಲೆ ತಿರುಗಿಸಿ ಉಜ್ಜಿ. ಡಬ್ಬಿಯ ಪಿನ್‌ಗಳನ್ನು ಬರೀ ಒರೆಸಿದರೆ ಸಾಲದು. ಹತ್ತಿಯ ತುದಿಯಿಂದ ನಾಲ್ಕೈದು ಬಾರಿ ಒತ್ತಿ ಬಿಡಬೇಕು, ಸ್ಪ್ರಿಂಗ್ ಕೆಳಗಿಳಿದು ಮೇಲೆ ಬಂದಾಗಲೇ ಸಂದಿನ ಜಿಡ್ಡು ಹೊರಬರುವುದು. ಮೊದಲ ಸಲ ಹತ್ತಿ ಕಪ್ಪಾಗಿ ಬಂದರೆ ಗಾಬರಿ ಬೇಡ. ಪಿನ್ ಸುತ್ತ ಗಟ್ಟಿಯಾಗಿ ಅಂಟಿದ್ದನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಗುಂಡುಸೂಜಿ ತಾಗಿಸಬೇಡಿ, ಎರಡು ಪಿನ್‌ಗೂ ಒಟ್ಟಿಗೆ ಮುಟ್ಟಿದರೆ ಶಾರ್ಟ್.

ಹಸಿರು ಕಲೆಗೆ ಆಲ್ಕೊಹಾಲ್ ನಾಟುವುದಿಲ್ಲ. ಪೆನ್ಸಿಲ್ ಬರಹ ಅಳಿಸುವ ಮೆತ್ತನೆಯ ಬಿಳಿ ರಬ್ಬರಿನ ಚೂರೊಂದನ್ನು ಮೊನಚಾಗಿ ಕತ್ತರಿಸಿಕೊಂಡು ಚುಕ್ಕಿಯ ಮೇಲೆ ಹತ್ತು ಸಲ ಹಗುರವಾಗಿ ತಿಕ್ಕಿ, ಪುಡಿಯನ್ನು ಊದದೆ ಒಣ ಬ್ರಷ್‌ನಿಂದ ತೆಗೆಯಿರಿ. ಊದಿದರೆ ಎಂಜಲಿನ ತೇವ ಹೋಗಿ ಅಲ್ಲೇ ಕೂರುತ್ತದೆ. ಮರಳುಕಾಗದ, ಚಾಕು ಮುಟ್ಟಿಸಿದರೆ ಆ ದಿನಕ್ಕೆ ಸರಿಹೋಗುತ್ತದೆ, ಉಳಿದ ಚಿನ್ನವೂ ಹೋಗಿ ಕೆಲವೇ ವಾರದಲ್ಲಿ ದುಪ್ಪಟ್ಟು ಕಿಲುಬು. ಹತ್ತು ನಿಮಿಷ ಆರಲು ಬಿಟ್ಟು ಎರಡನ್ನೂ ಡಬ್ಬಿಗಿಟ್ಟು, ಕೈಪಿಡಿಯಲ್ಲಿ ಹೇಳಿದಷ್ಟು ಹೊತ್ತು ಗುಂಡಿ ಒತ್ತಿ ರೀಸೆಟ್ ಮಾಡಿದರೆ ಎಡ ಬಲ ಮತ್ತೆ ಒಂದೇ ಲೆಕ್ಕ ತೋರಿಸುತ್ತವೆ.

ಇಲ್ಲಿಗೆ ಅರ್ಧ ಸಿಟ್ಟು ಇಳಿಯಿತು ಅನ್ನಬೇಕು. ಮೂರು ವಾರಕ್ಕೊಮ್ಮೆ ಐದು ನಿಮಿಷದ ಒರಸಾಟಕ್ಕೆ ಬಗ್ಗುವ ಕಾಯಿಲೆಗೆ ಇಡೀ ಜೋಡಿಯನ್ನು ಬೈದು ಪ್ರಯೋಜನವಿಲ್ಲ. ಈಗ ದಿನಚರಿ ಹೀಗೆ: ನಡಿಗೆ ಮುಗಿಯುತ್ತಿದ್ದಂತೆ ಎರಡನ್ನೂ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಚುಕ್ಕಿ ಮೇಲೆ ಬರುವಂತೆ ಮೇಜಿನ ಮೇಲೆ ಬೋರಲು ಹಾಕುವುದು. ಕೈಕಾಲು ತೊಳೆದು ಬರುವಷ್ಟರಲ್ಲಿ ಆರಿರುತ್ತವೆ. ಆಮೇಲೆ ಗುಣಿಯ ಹತ್ತಿರ ಹಿಡಿದರೆ ಅಯಸ್ಕಾಂತ ತಾನೇ ಸೆಳೆದುಕೊಳ್ಳುತ್ತದೆ, ಟಪ್ ಎಂದು ಒಂದು, ಟಪ್ ಎಂದು ಇನ್ನೊಂದು. ದೀಪ ಎರಡು ಸಲ ಮಿನುಗಿದ್ದನ್ನು ಕಂಡೇ ಮುಚ್ಚಳ ಹಾಕುವುದು. ಮೂರು ವರ್ಷವಾದರೂ ಆ ಮುಚ್ಚಳದ ಬಿಜಾಗರಿ ಸಡಿಲಾಗಿಲ್ಲ, ಮುಚ್ಚುವ ಸದ್ದಿನಲ್ಲಿ ಒಂದು ಗಟ್ಟಿತನ ಉಳಿದಿದೆ. ತಯಾರಿಸಿದವರು ಇದೇ ಶ್ರದ್ಧೆಯನ್ನು ಪಿನ್‌ಗಳ ಮೇಲೂ ತೋರಿಸಿದ್ದರೆ ಈ ಬರಹವೇ ಬೇಕಾಗುತ್ತಿರಲಿಲ್ಲ.

ಒಂದು ಕಡೆ ಸದ್ದು ಕಡಿಮೆಯಾಗುವುದು ಬೇರೆ ರೋಗ, ಅದನ್ನು ಬ್ಯಾಟರಿಗೆ ಅಂಟಿಸಬೇಡಿ. ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್‌ನಲ್ಲಿ ಎಡ-ಬಲ ಸಮತೋಲನದ ಪಟ್ಟಿ ಜರುಗಿದೆಯೇ ನೋಡಿ. ನಡುವೆಯೇ ಇದ್ದರೆ ದನಿ ಹೊರಬರುವ ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿದೆ. ಟಿಪ್ ಕಳಚಿ, ಜಾಲರಿ ನೆಲ ನೋಡುವಂತೆ ಹಿಡಿದು, ಒಣ ಹಲ್ಲುಜ್ಜುವ ಬ್ರಷ್‌ನಿಂದ ಕೆಳಗಿನಿಂದ ತಟ್ಟಿ. ಮೇಲ್ಮುಖ ಹಿಡಿದು ಉಜ್ಜಿದರೆ ಹೊರಗಿದ್ದದ್ದೂ ಒಳಗೆ. ಆಲ್ಕೊಹಾಲ್ ಇಲ್ಲಿ ಬೇಡ, ಗುಗ್ಗೆಯನ್ನು ಕರಗಿಸಿ ಸ್ಪೀಕರ್ ಮೇಲೇ ಇಳಿಸುತ್ತದೆ.

ಲ್ಯಾಪ್‌ಟಾಪ್ ಮೀಟಿಂಗ್‌ನಲ್ಲಿ ದನಿಯೆಲ್ಲ ಹಳೆಯ ರೇಡಿಯೊದಂತೆ ಕೇಳುತ್ತದೆ ಎಂದು ದೂರುವವರಿಗೆ ಎರಡು ಮಾತು. ಬಡ್ಡಿನ ಮೈಕ್ ಆನ್ ಆದೊಡನೆ ಮಾಮೂಲಿ ಬ್ಲೂಟೂತ್ ಸ್ಟೀರಿಯೊ ಹಾದಿ ಬಿಟ್ಟು ಕರೆಯ ಹಾದಿ ಹಿಡಿಯುತ್ತದೆ. ಅಲ್ಲಿ ಒಂದೇ ಚಾನೆಲ್, ದನಿಯ ಮಾದರಿ ತೆಗೆಯುವ ವೇಗವೂ ಬರೀ 8 ಅಥವಾ 16 ಕಿಲೊಹರ್ಟ್ಸ್. ಕೇಳುವುದಕ್ಕೆ ಬಡ್ಸ್, ಮಾತಾಡುವುದಕ್ಕೆ ಲ್ಯಾಪ್‌ಟಾಪಿನ ಮೈಕ್ ಆರಿಸಿಕೊಂಡರೆ ಸಮಸ್ಯೆ ಅಲ್ಲಿಗೇ ಮುಗಿಯಿತು.

ಇನ್ನು ಒರೆಸಿದರೂ ಹೋಗದ್ದು: ಬ್ಯಾಟರಿ. ಗದ್ದಲ ತಡೆ ಹಾಕಿಕೊಂಡು ಹೊಸದರಲ್ಲಿ 5 ಗಂಟೆ 30 ನಿಮಿಷ ಬರುತ್ತಿತ್ತು. ಈಗ ಬಲದ್ದು 4 ಗಂಟೆ 20 ನಿಮಿಷ, ಎಡದ್ದು 3 ಗಂಟೆ 10 ನಿಮಿಷ. ಆಶ್ಚರ್ಯವೇನಿಲ್ಲ. ಇಂಥ ಬಡ್ಡಿನೊಳಗಿನ ಕೋಶ ಸುಮಾರು 50 ಎಂಎಎಚ್, ಅಂದರೆ 5000 ಎಂಎಎಚ್‌ನ ಫೋನಿನ ನೂರನೇ ಒಂದು ಪಾಲು. ದಿನಕ್ಕೆ ಮೂರೂವರೆ ತಾಸು ದುಡಿಯುವ ಎಡಗಡೆಯದು ಮೂರು ವರ್ಷದಲ್ಲಿ ಹೆಚ್ಚುಕಡಿಮೆ 700 ಪೂರ್ಣ ಚಾರ್ಜ್ ಕಂಡಿದೆ, ಬಲದ್ದು ಅದರ ಅರ್ಧವನ್ನೂ ಕಂಡಿಲ್ಲ. ಜತೆಗೆ ಡಬ್ಬಿಗಿಟ್ಟಾಗಲೆಲ್ಲ ಅದು ನೂರರವರೆಗೆ ತುಂಬಿಸಿ ಅಲ್ಲೇ ಇರಿಸುತ್ತದೆ, ಲಿಥಿಯಂ ಕೋಶಕ್ಕೆ ಅದೇ ಒಗ್ಗದ್ದು. ನಿಮ್ಮ ಮಾದರಿಯ ಆಪ್‌ನಲ್ಲಿ ಚಾರ್ಜನ್ನು 80ರ ಆಸುಪಾಸಿಗೆ ತಡೆಯುವ ಅಥವಾ ತಡವಾಗಿ ತುಂಬಿಸುವ ಆಯ್ಕೆಯಿದ್ದರೆ ಮೊದಲ ದಿನವೇ ಹಾಕಿ. ಕರೆಗೆ ಒಂದೇ ಕಿವಿ ಸಾಕೆನ್ನುವವರು ಒಂದು ದಿನ ಎಡ, ಒಂದು ದಿನ ಬಲ ಎಂದು ಬದಲಿಸುತ್ತಿರಿ. ಈ ಬುದ್ಧಿ ಇಲ್ಲಿ ತೀರ ತಡವಾಗಿ ಬಂತು.

ಕೋಶ ಬದಲಿಸಬಹುದೇ? ಮಾದರಿ ನೋಡಬೇಕು. ಕೆಲವು ಸ್ಯಾಮ್‌ಸಂಗ್ ಗ್ಯಾಲಕ್ಸಿ ಬಡ್ಸ್‌ನಲ್ಲಿ ಇರುವಂಥದ್ದು ಗುಂಡಗಿನ ಬಿಲ್ಲೆ ಕೋಶ. ಮೇಲೆ 1254 ಎಂದಿದ್ದರೆ ಅಗಲ 12 ಮಿಲಿಮೀಟರ್, ಎತ್ತರ 5.4 ಮಿಲಿಮೀಟರ್ ಎಂದು ಓದಿಕೊಳ್ಳಬೇಕು. ತಾಳ್ಮೆಯಿದ್ದರೆ ಚಿಪ್ಪು ಬಿಡಿಸಿ ಹಾಕಬಹುದು, ಆದರೆ ಮತ್ತೆ ಅಂಟಿಸಿದ ಮೇಲೆ ನೀರಿನ ಭರವಸೆ ಹೋಯಿತು. ಗಡಿಯಾರಕ್ಕೆ ಹಾಕುವ ಸಾಮಾನ್ಯ ಬಿಲ್ಲೆಯನ್ನು ಮಾತ್ರ ಎಂದಿಗೂ ಹಾಕಬೇಡಿ, ಅದು ಚಾರ್ಜ್ ಮಾಡುವ ಜಾತಿಯದಲ್ಲ. ಕಡ್ಡಿಯಾಕಾರದ ಏರ್‌ಪಾಡ್ಸ್‌ನಲ್ಲಿ ಎಲ್ಲವೂ ಅಂಟು. ಬಿಚ್ಚಿ ನೋಡುವ ಐಫಿಕ್ಸಿಟ್‌ನವರು ರಿಪೇರಿ ಸುಲಭತೆಗೆ ಅದಕ್ಕೆ 10ಕ್ಕೆ 0 ಕೊಟ್ಟಿದ್ದರು. ಹಾಗಂತ ಇದು ಆಗದ ಕೆಲಸವಲ್ಲ: 2024ರಲ್ಲಿ ಬಂದ ಫೇರ್‌ಫೋನ್ ಕಂಪನಿಯ ಫೇರ್‌ಬಡ್ಸ್‌ನಲ್ಲಿ ಬಡ್ಡಿನದನ್ನೂ ಡಬ್ಬಿಯದನ್ನೂ ಬಳಸುವವರೇ ಬದಲಿಸಬಹುದು. ಯುರೋಪ್ ಒಕ್ಕೂಟದಲ್ಲಿ 2027ರ ಫೆಬ್ರವರಿ 18ರಿಂದ ಸಾಧನಗಳ ಸಣ್ಣ ಬ್ಯಾಟರಿಗಳನ್ನು ಬಳಕೆದಾರರೇ ತೆಗೆಯುವಂತಿರಬೇಕೆಂಬ ನಿಯಮ ಜಾರಿಗೆ ಬರುತ್ತದೆ, ಕೆಲವು ವಿನಾಯಿತಿಗಳ ಸಹಿತ. ಆ ವಿನಾಯಿತಿಯ ಸಂದಿಯಲ್ಲಿ ಯಾರು ಯಾರು ನುಸುಳುತ್ತಾರೋ ನೋಡಬೇಕು.

ಹೊಸದು ಕೊಳ್ಳುವವರು ಹಾಡು ಕೇಳಿ ನೋಡುವ ಮೊದಲು ಡಬ್ಬಿ ತೆರೆದು ತಲೆಕೆಳಗು ಮಾಡಿ, ಬಡ್ ಬೀಳುತ್ತದೆಯೇ ನೋಡಿ. ಬಿದ್ದರೆ ಅಯಸ್ಕಾಂತ ದುರ್ಬಲ, ಪಿನ್ ಒತ್ತಡವೂ ಅಷ್ಟಕ್ಕಷ್ಟೇ. ನಿಮ್ಮ ಕಿವಿಗೆ ದೊಡ್ಡ ಟಿಪ್ ಬೇಕಾದರೆ ಅದನ್ನು ಹಾಕಿಯೇ ಮುಚ್ಚಿ ನೋಡಿ. ಪಿನ್‌ಗಳು ಹತ್ತಿಕಡ್ಡಿಗೆ ಎಟುಕುವಷ್ಟು ಮೇಲಿವೆಯೇ, ಒಂದೇ ಬಡ್ಡನ್ನು ಬಿಡಿಯಾಗಿ ಮಾರುತ್ತಾರೆಯೇ ಎಂದೂ ವಿಚಾರಿಸಿ. ಬಿಡಿ ಬಡ್ ತಂದಾಗ ಎರಡರ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಆವೃತ್ತಿ ಬೇರೆಯಾಗಿದ್ದರೆ ಜೋಡಿಯಾಗಲು ಹಟ ಮಾಡುವುದುಂಟು. ಹಳೆಯದನ್ನು ಮೊದಲು ಅಪ್‌ಡೇಟ್ ಮಾಡಿಟ್ಟುಕೊಳ್ಳಿ.

ಐದಕ್ಕೆ ಮೂರೂವರೆ ನಕ್ಷತ್ರ. ಕಳೆದ ಒಂದೂವರೆಯಲ್ಲಿ ಅರ್ಧ ಆ ಹಸಿರು ಚುಕ್ಕಿಯದು, ಉಳಿದ ಒಂದು ಬದಲಿಸಲಾಗದ ಬ್ಯಾಟರಿಯದು. ಈ ಜೋಡಿಗೆ ಇನ್ನೂ ನಿವೃತ್ತಿ ಕೊಟ್ಟಿಲ್ಲ. ಎಡದ್ದು ಎರಡು ತಾಸಿನ ಕೆಳಗಿಳಿದ ದಿನ, ಅಂದರೆ ಒಂದು ದಿನದ ಕರೆಗಳನ್ನು ಪೂರೈಸಲಾಗದ ದಿನ, ಬಲದ್ದನ್ನು ಕರೆಗೆ ಹಾಕಿ ಎಡದ್ದನ್ನು ಮಲಗುವ ಮುಂಚಿನ ಅರ್ಧ ತಾಸಿಗೆ ಇಟ್ಟುಕೊಳ್ಳುವುದು.