ಜಿಮ್‌ನವರು ಕೊಡೋ ಹೆಸರಿಲ್ಲದ ಪುಡಿ ಮುಟ್ಟಬ್ಯಾಡ್ರಿ

ಕಲಬುರಗಿ ಕಡೆ ಕುಸ್ತಿ, ಕಬಡ್ಡಿ, ಅಥ್ಲೆಟಿಕ್ಸ್ ಅಂತ ಓಡಾಡೋ ಹುಡುಗರ ಮನೆಯವರು ಇದನ್ನೊಮ್ಮೆ ಓದ್ರಿ.

ನಮ್ಮ ಅಕ್ಕನ ಮಗ ಗುಂಡು ಎಸೆತದವನು. ಬೆಳಿಗ್ಗೆ ಚಂದ್ರಶೇಖರ ಪಾಟೀಲ ಕ್ರೀಡಾಂಗಣ, ಸಂಜೆ ಜಿಮ್. ಆ ಜಿಮ್ಮಿನವನು "ತಮ್ಮಾ, ಇದು ಬರೇ ಪ್ರೋಟೀನ್, ಹಾಲಿನ್ಯಾಗ ಕಲಿಸಿ ಕುಡಿ" ಅಂತ ಒಂದು ಡಬ್ಬಿ ಕೊಟ್ಟ. ಮೇಲೆ ಬಾಯಿ ತೆರೆದ ಹುಲಿ ಚಿತ್ರ. ತಯಾರಿಸಿದವರ ವಿಳಾಸ ಇಲ್ಲ, ಬ್ಯಾಚ್ ನಂಬರ್ ಇಲ್ಲ. ಬಿಲ್ ಕೇಳಿದರೆ "ನಮ್ಮ ಹುಡುಗಗ ಏನ್ ಬಿಲ್ ಬರೀಲಿ?" ಅಂದನಂತೆ.

ಹೊರರಾಜ್ಯದ ಕೂಟದಲ್ಲಿ ಪದಕ ಬಂತು. ಅಲ್ಲೇ ಉದ್ದೀಪನ ಮದ್ದಿನ ಪರೀಕ್ಷೆಗೆ ಮೂತ್ರದ ಸ್ಯಾಂಪಲ್ ತೆಗೆದರು; ಎ, ಬಿ ಅಂತ ಎರಡು ಬಾಟಲಿ, ಸೀಲ್ ಹಾಕಿದ್ದು ಇವನ ಕೈಯಿಂದಲೇ. ಆಮೇಲೆ ಪತ್ರ ಬಂತು: ಸ್ಯಾಂಪಲ್‌ನಲ್ಲಿ ಸ್ಟ್ಯಾನೊಜೊಲಾಲ್, ಅಂದರೆ ಮೈಕಟ್ಟು ಬೆಳೆಸೋ ನಿಷೇಧಿತ ಸ್ಟೆರಾಯ್ಡ್.

ಇಂಥ ಸ್ಟೆರಾಯ್ಡ್‌ಗೆ ಮೊದಲ ಸಲವೇ 4 ವರ್ಷ ನಿಷೇಧ. ಗೊತ್ತಿರಲಿಲ್ಲ ಅಂದರೆ ನಡೆಯಲ್ಲ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಹೊಣೆ. ಬೇಕಂತಲೇ ತಗೊಂಡಿದ್ದಲ್ಲ ಎಂದು ಸಾಬೀತಾದರೆ 2ಕ್ಕೆ ಇಳಿಯಬಹುದು. ಬಿಲ್ಲೇ ಇಲ್ಲದ ಡಬ್ಬಿ ಹಿಡಿದು ಏನಂತ ಸಾಬೀತು ಮಾಡೋದು? ಜಿಮ್ಮಿನವನಂತೂ "ನಾ ಕೊಟ್ಟೇ ಇಲ್ಲ" ಅಂದುಬಿಟ್ಟ.

ನಮ್ಮದೇ ರಾಜ್ಯದ ಓಟಗಾರ್ತಿ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ ಗೆದ್ದವರು. ಮರುವರ್ಷ ಸಿಕ್ಕಿಬಿದ್ದಾಗ, ಕೋಚ್ ಕೊಟ್ಟ ಜಿನ್ಸೆಂಗ್‌ನಿಂದ ಆಯ್ತು ಅಂದರು. ಇಲ್ಲಿ ಹಾಕಿದ್ದ 1 ವರ್ಷದ ನಿಷೇಧವನ್ನು 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2ಕ್ಕೆ ಏರಿಸಿತು. ಅಂಥವರಿಗೇ ಹಾಗಾದರೆ ನಮ್ಮ ಹುಡುಗನ ಮಾತು ಎಲ್ಲಿ ಲೆಕ್ಕಕ್ಕೆ?

ನಿಷೇಧ ಗುಂಡು ಎಸೆತಕ್ಕಷ್ಟೇ ಅಲ್ಲ. ಬೇರೆ ಆಟದ ಅಧಿಕೃತ ಕೂಟಕ್ಕೂ ಇಳಿಯುವಂತಿಲ್ಲ, ಸಂಘದ ಕ್ಯಾಂಪಿಗೂ ಹೋಗುವಂತಿಲ್ಲ. ಪದಕ ವಾಪಸ್. ಶಿಕ್ಷೆಯೇ ತಪ್ಪು ಅನ್ನಲಾರೆ, ಅವತ್ತು ಇವನೆದುರು ಸೋತವನ ಮನೆಯವರಾಗಿದ್ದರೆ ನಾವೂ ಕೇಳುತ್ತಿದ್ದೆವು. ಹೊಟ್ಟೆ ಉರಿಯೋದು ಬೇರೆಯದಕ್ಕೆ: ಕ್ರೀಡಾ ಸಂಘದ ಕೋಚ್ ಇದನ್ನು ಮಾರಿದ್ದರೆ ಆಜೀವ ನಿಷೇಧದವರೆಗೂ ಹೋಗಬಹುದು, ಯಾವ ಸಂಘಕ್ಕೂ ಸೇರದ ಈ ಜಿಮ್ಮಿನವನಿಗೆ ಆ ನಿಯಮ ತಾಗುವುದೇ ಇಲ್ಲ. ಇವತ್ತಿಗೂ ಮಾರ್ಲತ್ತಾನ.

ಪುಡಿ ಕುಡಿಯಲೇಬೇಕಂದ್ರ ಬಿಲ್ ಇಟ್ಟುಕೊಳ್ರಿ, ಅದೇ ಬ್ಯಾಚಿನ ಸೀಲ್ ಒಡೆಯದ ಡಬ್ಬಿಯೊಂದನ್ನು ಎತ್ತಿಡ್ರಿ. ಸ್ಯಾಂಪಲ್ ಕೊಡುವಾಗ ಫಾರಂನಲ್ಲಿ ಹಿಂದಿನ ವಾರ ತಗೊಂಡ ಮಾತ್ರೆ, ಪುಡಿ ಎಲ್ಲ ಬರೆಸ್ರಿ. ನೆಗಡಿ ಮಾತ್ರೆಯನ್ನೂ ನಾಡಾದ (ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ) 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ನೋಡ್ರಿ. ಆರೋಪಪತ್ರ ಬಂದರೆ ಹುಡುಗರು ಹೆದರಿ ಬಚ್ಚಿಡ್ತಾರ, ಇವನೂ ಬಚ್ಚಿಟ್ಟ. 20 ದಿನದೊಳಗೆ ತಪ್ಪಿಗೂ ಶಿಕ್ಷೆಗೂ ಒಪ್ಪಿಕೊಂಡರೆ 4ರಲ್ಲಿ 1 ವರ್ಷ ಕಡಿಮೆಯಾಗುತ್ತದೆ. ಮನೆಯವರ ಕೈಗೆ ಪತ್ರ ಸಿಗುವಷ್ಟರಲ್ಲಿ ಆ ಗಡುವು ದಾಟಿತ್ತು.