ಮುಕ್ಕಾಲು ಲಕ್ಷದ ಕೇಬಲ್, ತಾಪಕೀರ್ ಗಲ್ಲಿಯ ವೈರು: ಎರಡನ್ನೂ ವರ್ಷಗಟ್ಟಲೆ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಕಾಯಿಸುವುದಿಲ್ಲ. ದುಬಾರಿ ಸ್ಪೀಕರ್ ಕೇಬಲ್‌ಗೂ ಮನೆ ವೈರಿಂಗ್‌ಗೆ ಹಾಕುವ ಸಾದಾ ತಾಮ್ರದ ವೈರಿಗೂ ನನ್ನ ಕಿವಿಗೆ ವ್ಯತ್ಯಾಸ ಗೊತ್ತಾಗಿಲ್ಲ. ಮನೆಗೆ ಬಂದು ಕೇಳಿದವರಿಗೂ ಗೊತ್ತಾಗಿಲ್ಲ. ಯಾವುದು ಹಚ್ಚಿದೆ ಅಂತ ಕಣ್ಣಿಗೆ ಕಾಣುತ್ತಿದ್ದಾಗ ಮಾತ್ರ ಎಲ್ಲರಿಗೂ ಗೊತ್ತಾಗಿದೆ.

ಈ ದುಬಾರಿ ಸಾಮಾನು ನಾನು ಕೊಂಡದ್ದಲ್ಲ. ನಮ್ಮ ಭಾವ ಪುಣೆಯ ಔಂಧ್‌ನಲ್ಲಿದ್ದರು, ಕೆಲಸದ ಮೇಲೆ ಸಿಂಗಪುರಕ್ಕೆ ಹೊರಟಾಗ ಆಂಪ್ಲಿಫೈಯರ್, ಬುಕ್‌ಶೆಲ್ಫ್ ಸ್ಪೀಕರ್, ರೆಕಾರ್ಡ್ ಪ್ಲೇಯರ್ ಎಲ್ಲವನ್ನೂ ನಮ್ಮ ಕೊಥ್ರೂಡ್ ಮನೆಯಲ್ಲಿ ಇಟ್ಟು ಹೋದರು. "ಸುಮ್ನೆ ಡಬ್ಬಿಯಲ್ಲಿ ಇಡಬೇಡಪ್ಪಾ, ಹಚ್ಚಿ ಕೇಳು" ಅಂದರು. ಜೊತೆಗೆ ಬಂದದ್ದು ಕೇಬಲ್‌ಗಳು: ಸ್ಪೀಕರಿನದು 45,000, ಪ್ಲೇಯರಿನಂಥವನ್ನು ಆಂಪ್ಲಿಫೈಯರಿಗೆ ಜೋಡಿಸುವ ಆರ್‌ಸಿಎ ಜೋಡಿ 18,000, ಕರೆಂಟಿನ ಪವರ್ ಕಾರ್ಡ್ 14,000 ರೂಪಾಯಿ. ಬಿಲ್ಲು ಸಮೇತ ಇಟ್ಟಿದ್ದಾರೆ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ. ಕಂಪನಿ ಹೆಸರು ಬೇಡ. ಈ ದರದಲ್ಲಿ ಮಾರುವವರ ಮಾತೆಲ್ಲ ಒಂದೇ ಥರ ಇರುತ್ತದೆ: ನಮ್ಮ ಕೇಬಲ್ ಹಾಕಿದರೆ ದನಿಯೇ ಬೇರೆ ಅಂತ.

ಎದುರಿಗೆ ನಿಲ್ಲಿಸಿದ್ದು ಬುಧವಾರ ಪೇಟೆಯ ತಾಪಕೀರ್ ಗಲ್ಲಿಯಿಂದ ತಂದ 2.5 ಚದರ ಮಿಲಿಮೀಟರಿನ ವೈರು, ಇಲ್ಲೇ ಪಿಂಪ್ರಿಯ ಫಿನೊಲೆಕ್ಸ್‌ನದು, ಮೀಟರಿಗೆ ನೂರು ರೂಪಾಯಿಯೊಳಗೆ. ಕೆಂಪೊಂದು ಕಪ್ಪೊಂದು. ಎರಡರ ಒಂದು ತುದಿಯನ್ನು ಕಿಟಕಿಯ ಗ್ರಿಲ್‌ಗೆ ಕಟ್ಟಿ, ಇನ್ನೊಂದು ತುದಿಯನ್ನು ಡ್ರಿಲ್ ಮಷಿನ್ನಿನ ಬಾಯಿಗೆ ಸಿಕ್ಕಿಸಿ, ನಿಧಾನವಾಗಿ ತಿರುಗಿಸಿದರೆ ಹಗ್ಗದಂತೆ ಚೆಂದ ಹೊಸೆದುಕೊಳ್ಳುತ್ತದೆ. ಜೋರಾಗಿ ತಿರುಗಿಸಿದರೆ ಗಂಟು ಬೀಳುತ್ತದೆ, ಮತ್ತೆ ಬಿಚ್ಚುವುದು ದೊಡ್ಡ ತಲೆನೋವು. ನೋಡಲು ಭಾವನ ಕೇಬಲ್‌ನಷ್ಟು ಚೆಂದವಿಲ್ಲ ಬಿಡಿ. ಅದಕ್ಕೆ ನೀಲಿ ಹೆಣಿಗೆಯ ಹೊದಿಕೆ, ಮರದ ಗುಬುಟು, ಬಂಗಾರದ ಲೇಪದ ಪಿನ್ನು.

ಈಗ ಸ್ವಲ್ಪ ಲೆಕ್ಕ. 2.5 ಚದರ ಮಿಲಿಮೀಟರ್ ತಾಮ್ರಕ್ಕೆ ಮೀಟರಿಗೆ ಹೆಚ್ಚುಕಡಿಮೆ 7ರಿಂದ 8 ಮಿಲಿಓಮ್ ರೆಸಿಸ್ಟೆನ್ಸ್. ಸ್ಪೀಕರಿಗೆ 3 ಮೀಟರ್ ಅಂದರೆ ಹೋಗಿ ಬರುವ ದಾರಿ 6 ಮೀಟರ್, ಒಟ್ಟು 0.045 ಓಮ್ ಆಸುಪಾಸು. 8 ಓಮಿನ ಸ್ಪೀಕರಿಗೆ ಇದರಿಂದ ಕಡಿಮೆಯಾಗುವ ಸದ್ದು 0.05 ಡೆಸಿಬೆಲ್. ಭಾವನ ಕೇಬಲ್ ಇನ್ನೂ ದಪ್ಪ, ಅದರಲ್ಲಿ ಇನ್ನೂ ಕಡಿಮೆ. ಹಾಡು ಕೇಳುವಾಗ ಅರ್ಧ ಡೆಸಿಬೆಲ್ ಹೆಚ್ಚುಕಡಿಮೆ ಆದರೂ ಹಿಡಿಯುವುದು ಕಷ್ಟ, ಇಲ್ಲಿ ಮಾತಾಡುತ್ತಿರುವುದು ಅದರ ಹತ್ತನೇ ಒಂದು ಭಾಗದ ಬಗ್ಗೆ. ಬೆಳ್ಳಿಯದಾದರೆ? ಬೆಳ್ಳಿ ತಾಮ್ರಕ್ಕಿಂತ ಶೇಕಡಾ 6ರಷ್ಟು ಚೆನ್ನಾಗಿ ಕರೆಂಟ್ ಹರಿಸುತ್ತದೆ, ಅಷ್ಟೇ. ವೈರನ್ನು ಒಂಚೂರು ದಪ್ಪ ತಗೊಂಡರೆ ಆ ಲಾಭ ತಾಮ್ರದಲ್ಲೇ ಸಿಗುತ್ತದೆ. ಬಂಗಾರವಂತೂ ಈ ವಿಷಯದಲ್ಲಿ ತಾಮ್ರಕ್ಕಿಂತ ಹಿಂದೆ. ಅದು ಕಿಲುಬು ಹಿಡಿಯುವುದಿಲ್ಲ ಅನ್ನುವುದೊಂದೇ ಅದರ ಗುಣ, ಮತ್ತು ಅದು ನಿಜವಾದ ಗುಣ. ಪುಣೆಯ ಮಳೆಗಾಲ ಕಳೆಯುವಷ್ಟರಲ್ಲಿ ನನ್ನ ಬರಿಯ ತಾಮ್ರದ ತುದಿ ಕಪ್ಪಗಾಗಿರುತ್ತದೆ, ಒಂದಿಂಚು ಕತ್ತರಿಸಿ ಹೊಸದಾಗಿ ಸುಲಿದು ಹಾಕುತ್ತೇನೆ. ಭಾವನ ಪಿನ್ನಿಗೆ ಆ ಗೋಳಿಲ್ಲ. ಆದರೆ ವೈರಿನ ತುದಿಗೆ ಹಾಕುವ ಬಂಗಾರದ ಲೇಪದ ಬನಾನಾ ಪಿನ್ನು ಅದೇ ಗಲ್ಲಿಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುತ್ತದೆ, ಅಲ್ವಾ?

ದೀಪಾವಳಿಗೆ ಭಾವ ಬಂದಿದ್ದರು. ಮೊದಲು ಕಣ್ಣೆದುರೇ ಬದಲಾಯಿಸಿ ಕೇಳಿದೆವು. ಕಿಶೋರಿ ಅಮೋಣಕರ್ ಅವರ ಹಾಡು, ಹಿಂದೆ ತಂಬೂರಿ, ಅದರ ಜೀವಾಳಿ ಅಂದರೆ ತಂತಿಯಡಿಯ ನೂಲಿನಿಂದ ಹುಟ್ಟುವ ಝೇಂಕಾರ. ನೀಲಿ ಕೇಬಲ್ ಹಾಕಿದ ಕೂಡಲೇ ಭಾವ, "ನೋಡು, ತಂಬೂರಿಯ ಜೀವಾಳಿ ಹೆಂಗ ಬಿಚ್ಚಿಕೊಂತು!" ಅಂದರು. ನನಗೂ ಹಾಗೇ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಮಗಳನ್ನು ಕರೆದು, ಆಂಪ್ಲಿಫೈಯರಿನ ಮುಂದೆ ಸೊಲ್ಲಾಪುರದ ಚಾದರ ಇಳಿಬಿಟ್ಟು, ಸ್ಪೀಕರಿನ ಹಿಂಭಾಗವನ್ನೂ ಮುಚ್ಚಿ, ನಾವಿಬ್ಬರೂ ಗೋಡೆಗೆ ಮುಖ ಮಾಡಿ ಕೂತೆವು. ಅವಳು ನಾಣ್ಯ ಚಿಮ್ಮಿ ಬಂದಂತೆ ವೈರು ಹಾಕಿ ಚೀಟಿಯಲ್ಲಿ ಬರೆದಿಟ್ಟುಕೊಂಡಳು. ಕೊನೆಗೆ ಚೀಟಿ ತೆಗೆದರೆ ಹೆಚ್ಚುಕಡಿಮೆ ಅರ್ಧ ಸರಿ, ಅರ್ಧ ತಪ್ಪು. ಇಬ್ಬರದೂ. ಅದಕ್ಕಿಂತ ಮಜಾ ಅಂದರೆ ನಡುನಡುವೆ ಅವಳು ಏನನ್ನೂ ಬದಲಾಯಿಸದೆ ಸುಮ್ನೆ ಖಟಪಟ ಸದ್ದು ಮಾಡಿ "ಆಯ್ತು ಮಾಮಾ" ಅಂದಿದ್ದಳು. ಆಗಲೂ ಭಾವನಿಗೆ ದನಿ ಬದಲಾಗಿತ್ತು!

ಭಾವನ ಕಿವಿ ಕೆಟ್ಟಿದೆ ಅಂತ ಅಲ್ಲ, ಅವರಿಗೆ ಶ್ರುತಿ ಕೂದಲೆಳೆ ತಪ್ಪಿದರೂ ಗೊತ್ತಾಗುತ್ತದೆ. ಎಲ್ಲರ ಮಿದುಳು ಕೆಲಸ ಮಾಡುವುದೇ ಹೀಗೆ. ಸ್ಪೀಕರ್ ತಯಾರಿಸುವ ಹರ್ಮನ್ ಕಂಪನಿಯ ಫ್ಲಾಯ್ಡ್ ಟೂಲ್ ಮತ್ತು ಷಾನ್ ಆಲಿವ್ 1994ರಲ್ಲಿ ಇದನ್ನೇ ಸ್ಪೀಕರ್‌ಗಳ ಮೇಲೆ ಪರೀಕ್ಷೆ ಮಾಡಿ ತೋರಿಸಿದರು. ಸ್ಪೀಕರ್ ಕಣ್ಣಿಗೆ ಕಂಡಾಗ ಜನ ಕೊಟ್ಟ ಅಂಕ ಒಂದು, ಪರದೆ ಹಿಂದೆ ಇದ್ದಾಗ ಕೊಟ್ಟದ್ದು ಇನ್ನೊಂದು. ಅದೂ ಸ್ಪೀಕರ್, ನಿಜವಾಗಿಯೂ ಒಂದೊಂದು ಒಂದೊಂದು ಥರ ನುಡಿಯುವ ವಸ್ತು. 2007ರಲ್ಲಿ ಅಮೆರಿಕದ ಜೇಮ್ಸ್ ರ‍್ಯಾಂಡಿ, ಪವಾಡ ಬಯಲು ಮಾಡುತ್ತಿದ್ದ ಜಾದೂಗಾರ, 7,250 ಡಾಲರಿನ ಸ್ಪೀಕರ್ ಕೇಬಲ್ ಸಾದಾ ಕೇಬಲ್‌ಗಿಂತ ಮೇಲು ಅಂತ ಪರೀಕ್ಷೆಯಲ್ಲಿ ತೋರಿಸಿದರೆ ಹತ್ತು ಲಕ್ಷ ಡಾಲರ್ ಕೊಡುತ್ತೇನೆ ಅಂದ. ಒಬ್ಬ ಆಡಿಯೋ ವಿಮರ್ಶಕ ಆ ಸವಾಲು ಒಪ್ಪಿಕೊಂಡ, ಕೇಬಲ್ ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ.

ಇನ್ನು ಬಾಳಿಕೆ. ದುಬಾರಿ ಆರ್‌ಸಿಎ ಕೇಬಲ್‌ನಿಂದ ನನಗೆ ಚೆನ್ನಾಗಿಯೇ ಕೇಳಿಸಿದ ಒಂದು ವ್ಯತ್ಯಾಸ ಇದೆ: ಎಡಗಡೆಯ ಸ್ಪೀಕರ್ ಆಗಾಗ ಮೌನವಾಗತೊಡಗಿತು. ಕೇಬಲ್ ಹೆಬ್ಬೆರಳಿನ ಗಾತ್ರ, ಬಗ್ಗುವುದಿಲ್ಲ, ಅದರ ಪಿನ್ನು ತಿರುಪಿ ಬಿಗಿ ಮಾಡುವಂಥದ್ದು. ಆ ತೂಕವೆಲ್ಲ ಆಂಪ್ಲಿಫೈಯರಿನ ಹಿಂದಿನ ಜ್ಯಾಕ್ ಮೇಲೆ. ಜ್ಯಾಕ್ ನಿಂತಿರುವುದು ಒಳಗಿನ ಬೋರ್ಡಿನ ನಾಲ್ಕು ಚುಕ್ಕಿ ಸೋಲ್ಡರ್ ಮೇಲೆ, ಅದು ಬಿರುಕು ಬಿಟ್ಟಿತ್ತು. ಬುಧವಾರ ಪೇಟೆಯ ರಿಪೇರಿಯವರು ಭೂತಗನ್ನಡಿಯಲ್ಲಿ ತೋರಿಸಿದರು, ಚುಕ್ಕಿಯ ಸುತ್ತ ಕೂದಲಿನಷ್ಟು ಕಪ್ಪು ಉಂಗುರ. ಮತ್ತೆ ಸೋಲ್ಡರ್ ಮಾಡಿಕೊಟ್ಟರು. ಆ ಕೇಬಲ್ ಅವತ್ತೇ ಡಬ್ಬಿ ಸೇರಿತು. ಮಾರಿದವರಿಗೆ ಬರೆದರೆ "ಜ್ಯಾಕ್ ನಮ್ಮದಲ್ಲ" ಅಂದರು.

ಪವರ್ ಕಾರ್ಡ್ ಕಥೆ ಬೇರೆ. ಅದರ ತುದಿಯಲ್ಲಿರುವುದು ಯುರೋಪಿನ ದುಂಡು ಪ್ಲಗ್, ನಮ್ಮ ಗೋಡೆಯ ಸಾಕೆಟ್ಟಿಗೆ ಸರಿಯಾಗಿ ಕೂರುವುದಿಲ್ಲ. ಹಾಗಾಗಿ 14,000 ರೂಪಾಯಿಯ ಕಾರ್ಡ್ ನಿಲ್ಲುವುದು ಅರವತ್ತು ರೂಪಾಯಿಯ ಅಡಾಪ್ಟರ್ ಮೇಲೆ, ಅದೂ ಅಲುಗಾಡುತ್ತ, ಒಮ್ಮೊಮ್ಮೆ ಕಿಡಿ ಹಾರಿಸುತ್ತ. ಕಂಬದಿಂದ ಬಿಲ್ಡಿಂಗ್‌ವರೆಗೆ ಅಲ್ಯುಮಿನಿಯಂ ತಂತಿ, ಗೋಡೆಯೊಳಗೆ ಮಾಮೂಲಿ ವೈರು, ಕೊನೆಯ ಒಂದೂವರೆ ಮೀಟರಿಗೆ ಮಾತ್ರ ಈ ಶೃಂಗಾರ. ಕಾರ್ಪೊರೇಷನ್ ನೀರಿನ ಹಳೇ ಪೈಪಿಗೆ ಬೆಳ್ಳಿ ನಲ್ಲಿ ಕೂರಿಸಿದ ಹಾಗೆ. ಆಂಪ್ಲಿಫೈಯರ್ ಜೊತೆ ಬಂದ ಕಾರ್ಡೇ ಈಗ ಹಾಕಿದ್ದೇನೆ, ಕಿಡಿಯೂ ಇಲ್ಲ.

ಗುಂಯ್ ಅನ್ನುವ ಸದ್ದಿಗೂ ಈ ಕೇಬಲ್‌ಗಳಲ್ಲಿ ಮದ್ದಿಲ್ಲ. ಟಿವಿಯ ಸೆಟ್‌ಟಾಪ್ ಬಾಕ್ಸ್ ಜೋಡಿಸಿದ ದಿನವೇ ಶುರುವಾದದ್ದು, 50 ಹರ್ಟ್ಸಿನ ಗುಂಯ್. ಕೇಬಲ್ ಟಿವಿಯ ತಂತಿಗೆ ಒಂದು ಕಡೆ ಅರ್ಥಿಂಗ್, ಆಂಪ್ಲಿಫೈಯರಿಗೆ ಮೂರು ಪಿನ್ನಿನ ಪ್ಲಗ್ ಮೂಲಕ ಇನ್ನೊಂದು ಅರ್ಥಿಂಗ್. ಎರಡರ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಆರ್‌ಸಿಎ ಕೇಬಲ್‌ನ ಮೇಲಿನ ಬಲೆಯಲ್ಲಿ ಕರೆಂಟ್ ಹರಿಯುತ್ತದೆ, ಅದೇ ಗುಂಯ್. ಟಿವಿಯಿಂದ ಆಪ್ಟಿಕಲ್ ಕೇಬಲ್ ಎಳೆದೆ, ನಿಂತುಹೋಯಿತು. ಅದರಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ. ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕಿ ಗುಂಯ್ ನಿಲ್ಲಿಸುತ್ತಾರೆ. ದಯವಿಟ್ಟು ಆ ಕೆಲಸ ಮಾತ್ರ ಮಾಡಬೇಡಿ, ಶಾಕ್ ಹೊಡೆಯಬಹುದು.

ಹಾಗಂತ ಯಾವ ವೈರಾದರೂ ನಡೆಯುತ್ತದೆ ಅಂತಲ್ಲ. ಹೋಮ್ ಥಿಯೇಟರಿನ ಹಿಂದಿನ ಸ್ಪೀಕರಿಗೆ 15 ಮೀಟರ್ ದೂರ ಅರ್ಧ ಚದರ ಎಂಎಂನ ತೆಳು ವೈರು ಎಳೆದರೆ ಹೋಗಿ ಬರುವ ದಾರಿಗೆ ಒಂದು ಓಮಿಗಿಂತ ಜಾಸ್ತಿ. 4 ಓಮಿನ ಸ್ಪೀಕರಿಗೆ ಎರಡು ಡೆಸಿಬೆಲ್ ಕಡಿಮೆಯಾಗುತ್ತದೆ, ಅದು ಕೇಳಿಸುತ್ತದೆ. ಇನ್ನೊಂದು ಜಾಗ ರೆಕಾರ್ಡ್ ಪ್ಲೇಯರ್. ರೆಕಾರ್ಡಿನ ಮೇಲೆ ಓಡುವ ಮುಳ್ಳು ಕೂರಿಸಿದ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ಗೆ ಕೇಬಲ್‌ನ ಕೆಪಾಸಿಟೆನ್ಸ್, ಅಂದರೆ ಚಾರ್ಜ್ ಹಿಡಿದಿಟ್ಟುಕೊಳ್ಳುವ ಗುಣ, ಹೆಚ್ಚಾದರೆ ಮೇಲಿನ ಸ್ವರಗಳ ಬಣ್ಣವೇ ಬದಲಾಗುತ್ತದೆ. ಆದರೆ ಅಲ್ಲಿಯೂ ಬೇಕಾದದ್ದು ಗಿಡ್ಡ ಕೇಬಲ್, ದುಬಾರಿ ಕೇಬಲ್ ಅಲ್ಲ. ಸಿಸಿಟಿವಿ ಕ್ಯಾಮೆರಾಗೆ ಎಳೆಯುವ ಆರ್‌ಜಿ-59 ವೈರಿಗೆ ಮೀಟರಿಗೆ 50ರಿಂದ 70 ಪಿಕೊಫ್ಯಾರಡ್ ಕೆಪಾಸಿಟೆನ್ಸ್ ಅಷ್ಟೇ, ಎರಡು ತುದಿಗೆ ಪಿನ್ನು ಸೋಲ್ಡರ್ ಮಾಡಿದರೆ ಮುಗಿಯಿತು. ಭಾವನ ಹಳೆಯ ಎಲ್‌ಪಿಗಳನ್ನು ನಾನು ಕೇಳುವುದು ಅದರಲ್ಲೇ. ಯುಎಸ್‌ಬಿ, ಎಚ್‌ಡಿಎಂಐ ಬಗ್ಗೆ ಹೆಚ್ಚು ಬರೆಯುವುದೇನೂ ಇಲ್ಲ, ಕೆಟ್ಟರೆ ಟಪ್ ಟಪ್ ಅಂತ ಕಡಿದು ಕಡಿದು ಬರುತ್ತದೆ, ಇಲ್ಲವಾದರೆ ಸರಿಯಾಗೇ ಬರುತ್ತದೆ. ಕೇಬಲ್ 200 ಗಂಟೆ ಪಳಗಬೇಕು ಅನ್ನುತ್ತಾರಲ್ಲ, ತಾಮ್ರ ಪಳಗುವುದಿಲ್ಲ, ಪಳಗುವುದು ನಮ್ಮ ಕಿವಿ. ಅಷ್ಟರಲ್ಲಿ ವಾಪಸ್ ಕೊಡುವ ಅವಧಿಯೂ ಮುಗಿದಿರುತ್ತದೆ.

ನಿಜವಾಗಿ ದನಿ ಬದಲಾದದ್ದು ಖೋಲಿಯಿಂದ. ನಮ್ಮ ಹಾಲ್‌ನ ಅಗಲ ಹತ್ತಡಿ, ನೆಲಕ್ಕೆ ನುಣ್ಣನೆಯ ಟೈಲ್ಸ್. ಹತ್ತಡಿ ಗೋಡೆಗಳ ನಡುವೆ ಸುಮಾರು 56 ಹರ್ಟ್ಸಿನ ಸದ್ದು ಅತ್ತಿಂದಿತ್ತ ಬಡಿದು ಅಲ್ಲೇ ತುಂಬಿಕೊಂಡು ಗುಮ್ಮೆನ್ನುತ್ತದೆ, ಅದರ ಮೇಲಿನದು 112ರ ಆಸುಪಾಸು. ಸ್ಪೀಕರ್ ಮೂಲೆಗೆ ಒತ್ತಿ ಇಟ್ಟಿದ್ದಾಗ ಭೀಮಸೇನ ಜೋಶಿಯವರ ಜೊತೆ ತಬಲಾದ ಡಗ್ಗಾ ಬಾರಿಸಿದರೆ ಪಕ್ಕದ ಮನೆಯ ಕಾಕೂ ಬಂದು ಕೇಳುವಷ್ಟು ಗುಮ್ಮೆನ್ನುತ್ತಿತ್ತು. ಗೋಡೆಯಿಂದ ಒಂದೂವರೆ ಮೊಳ ಈಚೆ ಎಳೆದೆ, ನೆಲಕ್ಕೆ ನವಲಗುಂದದ ಜಮಖಾನೆ, ಕಿಟಕಿಗೆ ದಪ್ಪ ಪರದೆ, ಹಿಂದಿನ ಗೋಡೆಗೆ ಪುಸ್ತಕದ ಕಪಾಟು. ಡಗ್ಗಾದ ಒಂದೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸತೊಡಗಿತು. ಇದಕ್ಕೆ ಚಾದರ ಇಳಿಬಿಟ್ಟು ಪರೀಕ್ಷೆ ಮಾಡುವ ಅಗತ್ಯವೇ ಬೀಳಲಿಲ್ಲ, ಅಡುಗೆಮನೆಯಲ್ಲಿದ್ದ ಹೆಂಡತಿ "ರೀ, ಏನು ಮಾಡಿದ್ರಿ?" ಅಂತ ಕೇಳಿದಳು. ದುಡ್ಡು ಇನ್ನೂ ಇದ್ದರೆ ಒಳ್ಳೆಯ ಸ್ಪೀಕರ್ ತಗೊಳ್ಳಿ. 45,000 ರೂಪಾಯಿ ಜಾಸ್ತಿ ಹಾಕಿದರೆ ಸ್ಪೀಕರಿನಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಬಹುದು.

ನಂಬಿಕೆ ಬಾರದಿದ್ದರೆ ನೀವೇ ಮನೆಯಲ್ಲಿ ಮಾಡಿ ನೋಡಿ. ಎರಡೂ ವೈರಿನಲ್ಲಿ ಸದ್ದು ಒಂದೇ ಮಟ್ಟದಲ್ಲಿರಲಿ, ಒಂಚೂರು ಜೋರಿದ್ದದ್ದೇ ನಮಗೆ ಚೆನ್ನಾಗಿ ಕೇಳಿಸುತ್ತದೆ. ಸ್ಪೀಕರಿನ ಹಿಂದೆ ಮಲ್ಟಿಮೀಟರ್ ಹಿಡಿದು ಒಂದೇ ಸ್ವರ ನುಡಿಸಿ ವೋಲ್ಟೇಜ್ ನೋಡಿಕೊಂಡರೆ ಸಾಕು. ಹಾಡಿನ ಅದೇ ಅರ್ಧ ನಿಮಿಷವನ್ನೇ ಪ್ರತಿ ಸಲ ಹಾಕಿ. ಯಾವ ವೈರು ಅಂತ ನಾಣ್ಯ ನಿರ್ಧರಿಸಲಿ, ಬರೆದಿಡುವುದು ಮೊದಲು, ಚೀಟಿ ನೋಡುವುದು ಕೊನೆಗೆ. ವೈರು ಬದಲಾಯಿಸುವವರು ನಿಮ್ಮ ಎದುರಿಗೆ ನಿಲ್ಲಬಾರದು, ಮಾತಾಡಬಾರದು, ಬದಲಾಯಿಸದೆ ಇದ್ದಾಗಲೂ ಅಷ್ಟೇ ಹೊತ್ತು ಖಟಪಟ ಮಾಡಬೇಕು, ಮುಖ್ಯವಾಗಿ ನಗಬಾರದು. ನನ್ನ ಮಗಳು ಎರಡು ಸಲ ನಕ್ಕಳು, ಆ ಎರಡನ್ನು ಲೆಕ್ಕದಿಂದ ಬಿಟ್ಟಿದ್ದೇನೆ.