ಪಿಜಿ, ಅಪ್ ಅಂಡ್ ಡೌನ್, ಮೈಸೂರು ಕೆಲಸ: ಮೂರನ್ನೂ ಮಾಡಿ ನೋಡಿದ್ದೇನೆ

ನಮ್ಮ ಯಜಮಾನರ ಅಕ್ಕನ ಮಗಳು ಈ ವರ್ಷ ಮಂಡ್ಯದಲ್ಲೇ ಇಂಜಿನಿಯರಿಂಗ್ ಮುಗಿಸಿದಳು. ಬೆಂಗಳೂರಲ್ಲಿ ಒಂದು, ಮೈಸೂರಲ್ಲಿ ಒಂದು ಕೆಲಸ ಕೈಯಲ್ಲಿದೆ. "ಅತ್ತೆ, ದಿನಾ ಟ್ರೇನಲ್ಲಿ ಬೆಂಗಳೂರಿಗೆ ಹೋಗಿ ಬಂದರೆ ಬಾಡಿಗೆನೂ ಉಳಿಯುತ್ತೆ, ಒಳ್ಳೆ ಸಂಬಳನೂ ಸಿಗುತ್ತೆ ಅಲ್ವಾ?" ಅಂತ ಕೇಳಿದಳು. ನಾನು ಮೂರೂ ಥರ ಇದ್ದು ನೋಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

2015ರಿಂದ 2020ರ ಮಾರ್ಚ್ ತನಕ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಪಿಜಿ, ಸಾಫ್ಟ್‌ವೇರ್ ಕೆಲಸ. ಊಟ ಚೆನ್ನಾಗಿರಲಿಲ್ಲ, ನೀರಿಗೆ ಪರದಾಟ. ಆದರೆ ಆಫೀಸಿಗೆ ಇಪ್ಪತ್ತು ನಿಮಿಷದ ನಡಿಗೆ. ರಾತ್ರಿ ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರು ಬಳಸುತ್ತಿರುವ ಸಿಸ್ಟಮ್‌ನಲ್ಲಿ, ಏನಾದರೂ ಕೆಟ್ಟರೆ ಸೀನಿಯರ್ ಪಕ್ಕದಲ್ಲೇ ಕೂತು ಲಾಗ್ (ಸಿಸ್ಟಮ್ ಬರೆದಿಡುವ ದಾಖಲೆ) ಓದುತ್ತಿದ್ದೆ, ಅವರು ಯಾವುದನ್ನು ಮೊದಲು ನೋಡುತ್ತಾರೆ, ಯಾವುದನ್ನು ಬಿಡುತ್ತಾರೆ ಅನ್ನೋದನ್ನು ನೋಡಿಯೇ ಕಲಿತದ್ದು, ಅದು ಯಾವ ಕೋರ್ಸಿನಲ್ಲೂ ಸಿಗಲಿಲ್ಲ. 2018ರಲ್ಲಿ ಕಂಪನಿ ಬದಲಿಸಿದಾಗ ಸಂಬಳ ಶೇ. 35 ಜಾಸ್ತಿಯಾಯಿತು. ಅದು ಆ ರಾತ್ರಿಗಳ ಫಲ.

ದುಡ್ಡಿನ ವಿಷಯದಲ್ಲಿ ಮಾತ್ರ ಆಗ ಎಡವಿದೆ. 2017ರಿಂದ ಷೇರು ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡಿಗೆ ತಿಂಗಳಿಗೆ 5,000 ಎಸ್‌ಐಪಿ (ಕಂತಿನ ಹೂಡಿಕೆ) ಇತ್ತು. 2020ರ ಮಾರ್ಚ್ 23ರಂದು ಷೇರು ಸೂಚ್ಯಂಕ ನಿಫ್ಟಿ ಒಂದೇ ದಿನಕ್ಕೆ ಶೇ. 13 ಬಿದ್ದು 7,610ಕ್ಕೆ ಬಂತು. ಹೆದರಿ ಏಪ್ರಿಲ್‌ನಲ್ಲಿ ಎಸ್‌ಐಪಿ ನಿಲ್ಲಿಸಿಬಿಟ್ಟೆ. ಮತ್ತೆ ಶುರು ಮಾಡಿದ್ದು ನವೆಂಬರ್‌ನಲ್ಲಿ, ಅಷ್ಟೊತ್ತಿಗೆ ನಿಫ್ಟಿ ಹಳೇ ಎತ್ತರ ದಾಟಿತ್ತು. ಅಗ್ಗಕ್ಕೆ ಸಿಗುತ್ತಿದ್ದ ಏಳು ಕಂತು ಹೋಯಿತು. ಇವತ್ತಿಗೂ ನೋವಾಗುತ್ತದೆ.

ಆಮೇಲೆ ಎರಡು ವರ್ಷ ಮನೆಯಿಂದಲೇ ಕೆಲಸ. ಮಗಳು ಹುಟ್ಟಿದಳು. 2022ರ ಮಧ್ಯದಲ್ಲಿ ಆಫೀಸು ವಾರಕ್ಕೆ ನಾಲ್ಕು ದಿನ ಬನ್ನಿ ಅಂತು. ಮಗುವನ್ನು ಬಿಟ್ಟು ಪಿಜಿಗೆ ಹೋಗೋ ಮಾತೇ ಇರಲಿಲ್ಲ, ಮಂಡ್ಯದಿಂದ ದಿನಾ ಓಡಾಡಲು ಟ್ರೇನ್ ಪಾಸ್ ಮಾಡಿಸಿದೆ.

ಲೆಕ್ಕದಲ್ಲಿ ಅಪ್ ಅಂಡ್ ಡೌನ್‌ಗೆ ಎದುರೇ ಇಲ್ಲ. ಕೈಗೆ ಬರುತ್ತಿದ್ದದ್ದು 1,42,000. ಮನೆ ಖರ್ಚು ಕಳೆದು 80,000 ಉಳಿಯುತ್ತಿತ್ತು. ಲೇಡೀಸ್ ಬೋಗಿಯಲ್ಲೇ ಒಂದು ಚೀಟಿಯೂ ಇತ್ತು. 20 ಜನ, ತಲಾ 5,000, ಲಕ್ಷದ ಚೀಟಿ. ಅವರೆಕಾಯಿ ಸುಲಿಯುತ್ತಾ ಚೀಟಿ ಕೂಗುವುದನ್ನು ಅಲ್ಲೇ ನೋಡಿದ್ದು. ನಾನು ಕೊನೆಯವರೆಗೂ ಎತ್ತಲಿಲ್ಲ. ತಳ್ಳಿಕೆಯೆಲ್ಲ (ಚೀಟಿ ಎತ್ತಿದವರು ಬಿಟ್ಟುಕೊಟ್ಟು ಎಲ್ಲರಿಗೂ ಹಂಚಿದ ದುಡ್ಡು) ಕಳೆದು ಕಟ್ಟಿದ್ದು 93,000, ಸಿಕ್ಕಿದ್ದು ಒಂದು ಲಕ್ಷ. ಅದೇ ದುಡ್ಡು ಬ್ಯಾಂಕಿನ ಆರ್‌ಡಿಯಲ್ಲಿ (ತಿಂಗಳ ಕಂತಿನ ಠೇವಣಿ) ಇದ್ದರೆ ಬಡ್ಡಿ ಐದು ಸಾವಿರದ ಆಸುಪಾಸು. ಎರಡು ಸಾವಿರ ಜಾಸ್ತಿ ಬಂತು ನಿಜ. ಆದರೆ ಅಲ್ಲಿದ್ದ ಭದ್ರತೆ ಪರಸ್ಪರ ನಂಬಿಕೆಯೊಂದೇ, ಕಾಗದ ಪತ್ರ ಏನೂ ಇಲ್ಲ. ತುರ್ತಿಗೆ ದುಡ್ಡು ಬೇಕಾದವರಿಗೆ ಚೀಟಿ ದೊಡ್ಡ ಆಸರೆ, ಉಳಿತಾಯಕ್ಕೆ ನಾನು ಮತ್ತೆ ಹಾಕಲಾರೆ.

ಇನ್ನು ಸಮಯ. ಮಂಡ್ಯದಿಂದ ಮೆಜೆಸ್ಟಿಕ್‌ಗೆ ಎರಡು ಗಂಟೆ, ಅಲ್ಲಿಂದ ಬೈಯಪ್ಪನಹಳ್ಳಿವರೆಗೆ ಮೆಟ್ರೋ, ಆಮೇಲೆ ಬಸ್ಸು. ಒಂದು ಕಡೆಗೆ ಮೂರೂವರೆ ಗಂಟೆ. ದಿನಕ್ಕೆ ಏಳು. ಎಕ್ಸ್‌ಪ್ರೆಸ್‌ವೇ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು, ಕಾರಲ್ಲೂ ಹೋಗಿ ನೋಡಿದೆ, ಕೆಂಗೇರಿ ದಾಟಿದ ಮೇಲೆ ಗಳಿಸಿದ ಸಮಯವೆಲ್ಲ ಟ್ರಾಫಿಕ್‌ನಲ್ಲಿ ಹೋಗುತ್ತಿತ್ತು. ವೈಟ್‌ಫೀಲ್ಡ್‌ಗೆ ನೇರ ಮೆಟ್ರೋ ಬಂದಿದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ನಾನು ಬೇರೆ ಕೆಲಸ ಹುಡುಕಲು ಶುರು ಮಾಡಿದ್ದೆ.

ಯಾಕೆಂದರೆ ಸಂಜೆಯ ಚಾಮುಂಡಿ ಎಕ್ಸ್‌ಪ್ರೆಸ್ ಹಿಡಿಯಬೇಕು ಅಂದರೆ ನಾಲ್ಕು ಗಂಟೆಗೇ ಸೀಟಿನಿಂದ ಏಳಬೇಕು. ಅಮೆರಿಕದವರ ಜೊತೆ ಮೀಟಿಂಗ್ ಶುರುವಾಗುವುದೇ ಐದೂವರೆಗೆ. ಡಿಸೈನ್ ನಿರ್ಧಾರ ಆಗುವುದು ಅಲ್ಲಿ. ಚನ್ನಪಟ್ಟಣ ದಾಟುವಾಗ ಕಾಲ್ ಕಟ್ಟಾಗುತ್ತಿತ್ತು, ಮದ್ದೂರಿನಲ್ಲಿ ಮತ್ತೆ ಸೇರಿದರೆ ಮಾತು ಮುಗಿದಿರುತ್ತಿತ್ತು. ಎರಡು ಸಲ ಪ್ರಮೋಷನ್ ತಪ್ಪಿತು. ಬೆಂಗಳೂರಿನ ಕೆಲಸ ಅಂದರೆ ಬೆಳವಣಿಗೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಂಬಳದ ಸ್ಲಿಪ್ಪಿನಲ್ಲಿ ಮಾತ್ರ ನಾನು ಬೆಂಗಳೂರಲ್ಲಿದ್ದೆ. ಮಗಳು ನನ್ನನ್ನು ಎಚ್ಚರವಿದ್ದಾಗ ನೋಡುತ್ತಿದ್ದದ್ದೇ ಕಡಿಮೆ.

2024ರ ಜನವರಿಯಿಂದ ಮೈಸೂರಿನ ಹೆಬ್ಬಾಳದಲ್ಲಿ ಸಣ್ಣ ಕಂಪನಿ. ಮಂಡ್ಯದಿಂದ 45 ಕಿ.ಮೀ., ಮನೆಯಿಂದ ಸೀಟಿಗೆ ಒಂದೂವರೆ ಗಂಟೆ, ವಾರಕ್ಕೆ ಎರಡು ದಿನ ಮನೆಯಿಂದಲೇ. ಕೈಗೆ 1,08,000, ಉಳಿಯುವುದು 56,000. ತಿಂಗಳಿಗೆ 24,000 ಕಡಿಮೆ, ಇದು ಸಣ್ಣ ಮೊತ್ತವಲ್ಲ. ಹೈಕ್ ಶೇ. 7. ಬಿಟ್ಟರೆ ಸೇರಲು ಇನ್ನೊಂದು ಕಂಪನಿ ಇಲ್ಲಿ ಸುಲಭವಾಗಿ ಸಿಗುವುದಿಲ್ಲ. ಆದರೆ ಟೀಮಿನಲ್ಲಿ ಆರೇ ಜನ. ಸಾಫ್ಟ್‌ವೇರ್‌ನ ಒಂದು ಭಾಗ, ಒಂದು ಸರ್ವಿಸ್, ಪೂರ್ತಿ ನನ್ನದು, ಡಿಸೈನ್‌ನಿಂದ ಹಿಡಿದು ರಾತ್ರಿ ಕೆಟ್ಟರೆ ಎದ್ದು ನೋಡುವ ಆನ್‌ಕಾಲ್‌ವರೆಗೆ. ಪಿಜಿ ದಿನಗಳ ನಂತರ ಮತ್ತೆ ಕಲಿಯುತ್ತಿದ್ದೇನೆ.

ಈಗ 12,500 ಪಿಪಿಎಫ್ ಅನ್ನೋ ಸರ್ಕಾರಿ ಉಳಿತಾಯ ಯೋಜನೆಗೆ, ಪ್ರತಿ ತಿಂಗಳು 5ನೇ ತಾರೀಖಿನ ಒಳಗೆ. ತಡವಾದರೆ ಆ ಕಂತಿಗೆ ಆ ತಿಂಗಳ ಬಡ್ಡಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿ ಇದಕ್ಕೆ ವಿನಾಯಿತಿ ಇಲ್ಲ, ಆದರೂ 7.1% ಬಡ್ಡಿಗೆ ತೆರಿಗೆಯೂ ಇಲ್ಲವಲ್ಲ. 25,000 ಇಂಡೆಕ್ಸ್ ಫಂಡಿಗೆ. ಮನೆಯವರಿಗೆ ರಿಂಗ್ ರೋಡ್ ಆಚೆ ಒಂದು ಸೈಟ್ ತಗೊಳ್ಳುವ ಆಸೆ. 20 ಲಕ್ಷ ಸಾಲ, 8.5% ಬಡ್ಡಿ, 15 ವರ್ಷ ಅಂದರೆ ಕಂತು 19,700ರ ಹತ್ತಿರ, ಬಡ್ಡಿಯೇ 15 ಲಕ್ಷ ದಾಟುತ್ತದೆ. ಬೇಡ ಅಂದಿದ್ದೇನೆ. ಆ ಕಂತು ತಲೆ ಮೇಲಿದ್ದಿದ್ದರೆ 24,000 ಬಿಟ್ಟು ಮೈಸೂರಿಗೆ ಬರುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಹುಡುಗಿಗೆ ಹೇಳಿದ್ದು ಇಷ್ಟು. ಮೊದಲ ಮೂರು ವರ್ಷ ಬೆಂಗಳೂರಿಗೆ ಹೋಗು, ಆಫೀಸಿನ ಹತ್ತಿರವೇ ಇರು, ಬಾಡಿಗೆ ಉಳಿಸೋಕೆ ಟ್ರೇನ್ ಹತ್ತಬೇಡ. ಮೈಸೂರು ಎಲ್ಲೂ ಹೋಗಲ್ಲ. ಭಾನುವಾರ ಪಿಜಿ ನೋಡಲು ಇಬ್ಬರೂ ಹೊರಟಿದ್ದೇವೆ. ರೂಮಿಗಿಂತ ಮೊದಲು ಅಡುಗೆಮನೆ ಮತ್ತು ನೀರಿನ ಟ್ಯಾಂಕ್ ನೋಡಬೇಕು ಅಂತ ಆಗಲೇ ಹೇಳಿಟ್ಟಿದ್ದೇನೆ.